ನಿಕಲ್ ಲೇಪದೊಳಗೆ ನ್ಯಾನೊ ಕಣ: ಗಡಸುತನವೂ ಬಿಸಿಗೆ ಬಾಳಿಕೆಯೂ ಬರುವುದು ಹೇಗೆ



ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆದಂತೆ ಅದರ ಸುತ್ತ ವಾಹನಗಳ ಬಿಡಿಭಾಗ ಮಾಡುವ ಸಣ್ಣ ಘಟಕಗಳೂ ಅವುಗಳಿಗೆ ಪ್ಲೇಟಿಂಗ್ ಮಾಡಿಕೊಡುವ ಶೆಡ್‌ಗಳೂ ಬೆಳೆದವು. ಅಲ್ಲಿ ದುಡಿಯುವವರಲ್ಲಿ, ಅಲ್ಲಿಗೆ ಕೆಲಸ ಕೊಡುವವರಲ್ಲಿ ನಮ್ಮ ಜನರೂ ಇದ್ದಾರೆ. ಇತ್ತೀಚೆಗೆ ಈ ವಲಯದಲ್ಲಿ ‘ನ್ಯಾನೊ ನಿಕಲ್’, ‘ಕಾಂಪೊಸಿಟ್ ಕೋಟಿಂಗ್’ ಎಂಬ ಮಾತುಗಳು ಹೆಚ್ಚಾಗಿ ಕೇಳುತ್ತಿವೆ. ನಮ್ಮ ಮಕ್ಕಳು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್‌ಗಳನ್ನು ಓದುವುದು ತಮಿಳಿನಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಹೀಗಾಗಿ ಮನೆಯಲ್ಲಿ ಅಪ್ಪ ಅಮ್ಮನಿಗೆ ಇದನ್ನು ಕನ್ನಡದಲ್ಲಿ ವಿವರಿಸಲು ಅವರಿಗೆ ಮಾತು ಸಿಗುವುದಿಲ್ಲ. ಆ ಕೊರತೆ ಸ್ವಲ್ಪವಾದರೂ ತುಂಬಲಿ ಎಂದು ಈ ಲೇಖನ. ಇದಕ್ಕೆ ಶಾಲೆಯ ರಸಾಯನಶಾಸ್ತ್ರದ ನೆನಪು ಅಷ್ಟಿಷ್ಟು ಇದ್ದರೆ ಸಾಕು.

ತೊಟ್ಟಿಯಲ್ಲಿ ನಡೆಯುವುದೇನು?

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ಹಿರಿಯರು ನೋಡಿದ್ದೀರಿ. ಪಾತ್ರೆಯನ್ನು ಕಾಯಿಸಿ, ಕರಗಿದ ತವರವನ್ನು ಒಳಮೈಗೆ ಸವರುತ್ತಿದ್ದರು. ವಿದ್ಯುಲ್ಲೇಪನದಲ್ಲಿ ಲೋಹವನ್ನು ಕರಗಿಸುವ ಬೆಂಕಿ ಇಲ್ಲ, ವಿದ್ಯುತ್ತೇ ಆ ಕೆಲಸ ಮಾಡುತ್ತದೆ. ನಿಕಲ್ ಲವಣದ ಹಸಿರು ದ್ರಾವಣ ತುಂಬಿದ ತೊಟ್ಟಿಯಲ್ಲಿ ನಿಕಲ್ ತುಂಡುಗಳನ್ನು ರೆಕ್ಟಿಫೈಯರ್‌ನ ಧನ ತುದಿಗೂ ಲೇಪವಾಗಬೇಕಾದ ಬಿಡಿಭಾಗವನ್ನು ಋಣ ತುದಿಗೂ ಸೇರಿಸುತ್ತಾರೆ. ಕರೆಂಟು ಹರಿದಾಗ ದ್ರಾವಣದಲ್ಲಿರುವ ನಿಕಲ್ ಅಯಾನುಗಳು ಬಿಡಿಭಾಗದ ಮೈಗೆ ಬಂದು, ಎಲೆಕ್ಟ್ರಾನು ಪಡೆದು ಲೋಹವಾಗಿ ಕೂರುತ್ತವೆ. ಧನ ತುದಿಯ ನಿಕಲ್ ಕರಗಿ ಆ ಕೊರತೆಯನ್ನು ತುಂಬುತ್ತದೆ.

ಇಂದಿಗೂ ಬಹುಪಾಲು ಶೆಡ್‌ಗಳಲ್ಲಿ ಇರುವ ದ್ರಾವಣ ‘ವಾಟ್ಸ್ ಬಾತ್’. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಲಿವರ್ ವಾಟ್ಸ್ 1916ರಲ್ಲಿ ಅದನ್ನು ಪ್ರಕಟಿಸಿದರು. ಲೀಟರಿಗೆ 240ರಿಂದ 300 ಗ್ರಾಂ ನಿಕಲ್ ಸಲ್ಫೇಟ್, ಸುಮಾರು 45 ಗ್ರಾಂ ನಿಕಲ್ ಕ್ಲೋರೈಡ್, 30ರಿಂದ 45 ಗ್ರಾಂ ಬೋರಿಕ್ ಆಮ್ಲ. ಪಿಎಚ್ 4ರ ಆಸುಪಾಸು, ಉಷ್ಣತೆ 50ರಿಂದ 60 ಡಿಗ್ರಿ ಸೆಲ್ಸಿಯಸ್. ನೂರು ವರ್ಷ ದಾಟಿದರೂ ಈ ಪಾಕ ಹೆಚ್ಚು ಬದಲಾಗಿಲ್ಲ.

ಎಷ್ಟು ಹೊತ್ತಿಗೆ ಎಷ್ಟು ದಪ್ಪ ಎಂಬುದನ್ನು ಫ್ಯಾರಡೆಯ ನಿಯಮದಿಂದ ಲೆಕ್ಕ ಹಾಕಬಹುದು. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಹೆಚ್ಚೆಂದರೆ 1.095 ಗ್ರಾಂ ನಿಕಲ್ ಕೂರುತ್ತದೆ. ನಿಕಲ್ ತೊಟ್ಟಿಯಲ್ಲಿ ಕರೆಂಟಿನ ಸುಮಾರು ಶೇ 95 ಭಾಗ ಲೋಹ ಕೂರಿಸಲು ಸಲ್ಲುತ್ತದೆ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಮೈಗೆ 4 ಆಂಪಿಯರ್ ಕೊಟ್ಟರೆ ಗಂಟೆಗೆ 47 ಮೈಕ್ರಾನ್, ಅರ್ಧ ಗಂಟೆಗೆ ಸುಮಾರು 23 ಮೈಕ್ರಾನ್ ದಪ್ಪ ಬರುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಅಂದಾಜು ಸಿಗುತ್ತದೆ.

ಹೊಸ ಲೇಪ ಯಾಕೆ ಬೇಕಾಯಿತು?

ಬರಿಯ ನಿಕಲ್ ತುಕ್ಕಿಗೆ ಒಳ್ಳೆಯ ತಡೆ, ಆದರೆ ಅದು ಅಷ್ಟೊಂದು ಗಡಸಲ್ಲ. ವಾಟ್ಸ್ ದ್ರಾವಣದಿಂದ ಬಂದ ಸಾದಾ ನಿಕಲ್‌ನ ಗಡಸುತನ ವಿಕರ್ಸ್ ಅಳತೆಯಲ್ಲಿ 150ರಿಂದ 200ರಷ್ಟು. ಉಜ್ಜಾಡುವ ಭಾಗಗಳಿಗೆ ಇದು ಸಾಲದು. ಅಂಥ ಕಡೆ ಹಲವು ದಶಕಗಳಿಂದ ಹಾರ್ಡ್ ಕ್ರೋಮ್ ಬಳಕೆಯಲ್ಲಿದೆ. ಅದರ ಗಡಸುತನ 800ರಿಂದ 1000.

ತೊಂದರೆ ಇರುವುದು ಆ ಕ್ರೋಮ್ ತೊಟ್ಟಿಯಲ್ಲಿ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅಲ್ಲಿ ಕರೆಂಟಿನ ಶೇ 10ರಿಂದ 20 ಮಾತ್ರ ಲೋಹ ಕೂರಿಸುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೈಡ್ರೋಜನ್ ಗುಳ್ಳೆಯಾಗಿ ಎದ್ದು, ಒಡೆದು, ಆಮ್ಲದ ಮಂಜನ್ನು ಗಾಳಿಗೆ ಚಿಮ್ಮಿಸುತ್ತದೆ. ವರ್ಷಗಟ್ಟಲೆ ಆ ಗಾಳಿ ಉಸಿರಾಡಿದವರಿಗೆ ಮೂಗಿನೊಳಗಿನ ಗೋಡೆ ತೂತಾಗುವುದು, ಕೈಯಲ್ಲಿ ಬೇಗ ಮಾಯದ ಹುಣ್ಣಾಗುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಕ್ರೋಮಿಯಂ ಟ್ರೈಆಕ್ಸೈಡನ್ನು ವಿಶೇಷ ಅನುಮತಿ ಇಲ್ಲದೆ ಬಳಸುವಂತಿಲ್ಲ. ಅಲ್ಲಿನ ಕಂಪನಿಗಳು ತಮಗೆ ಭಾಗ ಪೂರೈಸುವವರನ್ನೂ ಬದಲಿ ಲೇಪ ಕೇಳತೊಡಗಿದಾಗ ಆ ಒತ್ತಡ ಸಣ್ಣ ಶೆಡ್ಡಿನವರೆಗೂ ಬರುತ್ತದೆ. ಬದಲಿಗಳ ಹುಡುಕಾಟದಲ್ಲಿ ನಿಕಲ್ ಕಾಂಪೊಸಿಟ್ ಒಂದು ಮುಖ್ಯ ದಾರಿ.

ಉಪಾಯ ಹಳೆಯದು, ಅಳತೆ ಹೊಸದು

ಗಾರೆಗೆ ಮರಳು ಬೆರೆಸಿದ ಹಾಗೆ ಲೋಹದೊಳಗೆ ಗಟ್ಟಿ ಕಣಗಳನ್ನು ಹುದುಗಿಸುವುದೇ ಕಾಂಪೊಸಿಟ್ ಲೇಪ. ದಂತವೈದ್ಯರು ಹಲ್ಲು ಕೊರೆಯುವ ಡೈಮಂಡ್ ಬರ್ ನೋಡಿ: ಉಕ್ಕಿನ ಕಡ್ಡಿಯ ತುದಿಯಲ್ಲಿ ವಜ್ರದ ಹರಳುಗಳನ್ನು ಹಿಡಿದಿರುವುದು ವಿದ್ಯುತ್ತಿನಿಂದ ಕೂರಿಸಿದ ನಿಕಲ್. ಆದೋನಿ, ಸೊಲ್ಲಾಪುರದ ಕಡೆಯ ನೂಲಿನ ಕಸುಬಿನವರಿಗೆ ಓಪನ್ ಎಂಡ್ ನೂಲುವ ಯಂತ್ರ ಗೊತ್ತು. ಅದರ ರೋಟರ್ ಮತ್ತು ಓಪನಿಂಗ್ ರೋಲರ್‌ಗಳನ್ನು ಹತ್ತಿಯ ಎಳೆ, ದೂಳು ಸವೆಸದಿರಲೆಂದು ಸಣ್ಣ ವಜ್ರಕಣ ಬೆರೆತ ನಿಕಲ್ ಲೇಪ ಕೊಡುವುದುಂಟು.

ವಾಹನಗಳಲ್ಲಿ ಹೆಸರಾದದ್ದು ‘ನಿಕಾಸಿಲ್’. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ಇದನ್ನು ತಂದಿತು. ನಿಕಲ್ ಲೇಪದೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳು, ಗಾತ್ರ ಕೆಲವು ಮೈಕ್ರಾನ್. ಮೊದಲು ವ್ಯಾಂಕೆಲ್ ಎಂಜಿನ್‌ಗೆಂದು ಮಾಡಿದ್ದು, ಆಮೇಲೆ ರೇಸ್ ಕಾರು, ಬೈಕುಗಳ ಅಲ್ಯೂಮಿನಿಯಂ ಸಿಲಿಂಡರ್‌ಗಳಿಗೆ ಹಬ್ಬಿತು. ಎರಕದ ಕಬ್ಬಿಣದ ಲೈನರ್ ಹಾಕದೆಯೇ ಪಿಸ್ಟನ್ ರಿಂಗ್ ಉಜ್ಜುವ ಮೈ ಗಟ್ಟಿಯಾಯಿತು. ಆದರೆ 1990ರ ದಶಕದಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲ್ ಮಾರುತ್ತಿದ್ದ ಕಡೆಗಳಲ್ಲಿ ಕೆಲವು ಕಾರುಗಳ ಸಿಲಿಂಡರ್‌ಗಳಲ್ಲಿ ಈ ಲೇಪ ಹಾಳಾಯಿತು. ಕಣ ಎಷ್ಟು ಗಟ್ಟಿಯಿದ್ದರೂ ಅದನ್ನು ಹಿಡಿದಿರುವ ನಿಕಲ್ ಯಾವುದಕ್ಕೆ ಬೆದರುತ್ತದೆ ಎಂಬುದನ್ನು ನೋಡಲೇಬೇಕು ಎಂಬ ಪಾಠ ಅದು.

ಈಗಿನ ಹೊಸತನ ಕಣದ ಗಾತ್ರದಲ್ಲಿದೆ. ನ್ಯಾನೊ ಕಣ ಎಂದರೆ 100 ನ್ಯಾನೊಮೀಟರ್‌ಗಿಂತ ಚಿಕ್ಕದು. ಒಂದು ಮೈಕ್ರಾನಿಗೆ 1000 ನ್ಯಾನೊಮೀಟರ್. 5 ಮೈಕ್ರಾನಿನ ಒಂದು ಕಣವನ್ನು 50 ನ್ಯಾನೊಮೀಟರಿನ ಕಣಗಳಾಗಿ ಒಡೆದರೆ 10 ಲಕ್ಷ ಕಣಗಳಾಗುತ್ತವೆ. ತೂಕ ಅಷ್ಟೇ, ಆದರೆ ಒಟ್ಟು ಮೇಲ್ಮೈ 100 ಪಟ್ಟು, ಕಣದಿಂದ ಕಣಕ್ಕೆ ಇರುವ ಅಂತರ 100ರಲ್ಲಿ 1 ಪಾಲು. ನ್ಯಾನೊ ಲೇಪದ ಗುಣವೆಲ್ಲ ಈ ಲೆಕ್ಕದಿಂದ ಬರುವುದು.

ಕಣ ಲೇಪದೊಳಗೆ ಸೇರುವುದು ಹೇಗೆ?

ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಸೀರಿಯಂ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ – ಇಂಥ ಯಾವುದಾದರೂ ಪುಡಿಯನ್ನು ಲೀಟರಿಗೆ ಕೆಲವು ಗ್ರಾಂನಿಂದ ಕೆಲವು ಹತ್ತು ಗ್ರಾಂವರೆಗೆ ದ್ರಾವಣಕ್ಕೆ ಹಾಕಿ ಕಲಕುತ್ತಾರೆ. ಪುಡಿ ಕರಗುವುದಿಲ್ಲ, ತೇಲುತ್ತಿರುತ್ತದೆ. ತೇಲುವ ಕಣದ ಸುತ್ತ ಅಯಾನುಗಳು ಅಂಟಿಕೊಳ್ಳುತ್ತವೆ. 1972ರಲ್ಲಿ ಗುಲ್ಯೆಲ್ಮಿ ಎಂಬ ವಿಜ್ಞಾನಿ ಇದನ್ನು ಎರಡು ಹೆಜ್ಜೆಯಾಗಿ ವಿವರಿಸಿದರು. ಮೊದಲು ಕಣ ಬಿಡಿಭಾಗದ ಮೈಗೆ ಬಂದು ಸಡಿಲವಾಗಿ ತಾಗುತ್ತದೆ. ಕಲಕುವ ನೀರಿನ ಹೊಡೆತಕ್ಕೆ ಮತ್ತೆ ಎದ್ದು ಹೋಗಲೂಬಹುದು. ಅವುಗಳಲ್ಲಿ ಕೆಲವು ಮಾತ್ರ ವಿದ್ಯುತ್ತಿನ ಸೆಳೆತಕ್ಕೆ ಬಿಗಿಯಾಗಿ ಅಂಟುತ್ತವೆ. ಹಾಗೆ ಅಂಟಿದ ಕಣದ ಸುತ್ತ ನಿಕಲ್ ಬೆಳೆದು ಅದನ್ನು ಮುಚ್ಚಿಬಿಡುತ್ತದೆ.

ಆದ್ದರಿಂದ ಕಲಕುವಿಕೆ ಹದವಾಗಿರಬೇಕು. ಕಡಿಮೆಯಾದರೆ ಪುಡಿ ತಳ ಸೇರುತ್ತದೆ, ಹೆಚ್ಚಾದರೆ ತಾಗಿದ ಕಣ ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಪುಡಿ ಎಷ್ಟಿದೆ ಎಂಬುದಕ್ಕಿಂತ ಲೇಪದಲ್ಲಿ ಎಷ್ಟು ಸೇರಿತು ಎಂಬುದೇ ಮುಖ್ಯ. ನ್ಯಾನೊ ಕಣಗಳಾದರೆ ತೂಕದಲ್ಲಿ ಶೇಕಡ ಕೆಲವು ಮಾತ್ರ ಸೇರುವುದು ಸಾಮಾನ್ಯ. ಕರೆಂಟನ್ನು ಸತತವಾಗಿ ಹರಿಸದೆ, ಸೆಕೆಂಡಿನ ಸಾವಿರದ ಪಾಲುಗಳಲ್ಲಿ ಬಿಟ್ಟು ಬಿಟ್ಟು ಹರಿಸುವ ಪಲ್ಸ್ ಪ್ಲೇಟಿಂಗ್‌ನಲ್ಲಿ ನಿಕಲ್‌ನ ಹರಳುಗಳು ಚಿಕ್ಕದಾಗಿ ಬರುತ್ತವೆ. ಕಣಗಳು ಸೇರುವ ಪ್ರಮಾಣವನ್ನೂ ಹೆಚ್ಚಿಸಬಹುದು.

ಗಡಸುತನ ಎಲ್ಲಿಂದ ಬಂತು?

ದೊಡ್ಡ ಜಮಖಾನೆಯೊಂದನ್ನು ನೆಲದ ಮೇಲೆ ಒಂದಿಷ್ಟು ಸರಿಸಬೇಕು. ಇಡೀ ಜಮಖಾನೆ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನು ಇನ್ನೊಂದು ತುದಿಗೆ ತಳ್ಳುತ್ತಾ ಹೋದರೆ ಸುಲಭವಾಗಿ ಸರಿಯುತ್ತದೆ. ಲೋಹ ಬಗ್ಗುವುದೂ ಹೀಗೆಯೇ. ಪರಮಾಣುಗಳ ಸಾಲಿನಲ್ಲಿರುವ ಸಣ್ಣ ದೋಷವೊಂದು ಆ ಮಡಿಕೆಯ ಹಾಗೆ ಒಳಗೆ ಜಾರುತ್ತಾ ಹೋಗುತ್ತದೆ. ಆ ದೋಷ ಜಾರದಂತೆ ತಡೆದರೆ ಲೋಹ ಗಡಸಾಗುತ್ತದೆ.

ನ್ಯಾನೊ ಲೇಪದಲ್ಲಿ ತಡೆ ಎರಡು ಬಗೆ. ಮೊದಲನೆಯದು ಕಣಗಳು: ಜಮಖಾನೆಯ ಮೇಲೆ ಅಲ್ಲಲ್ಲಿ ಗುಂಡುಕಲ್ಲು ಇಟ್ಟಂತೆ. ಕಲ್ಲುಗಳು ಹತ್ತಿರ ಹತ್ತಿರ ಇದ್ದಷ್ಟೂ ಮಡಿಕೆ ನುಸುಳುವುದು ಕಷ್ಟ. ಎರಡನೆಯದು ನಿಕಲ್‌ನ ಸ್ವಂತ ಹರಳುಗಳು. ಪ್ರತಿ ಕಣವೂ ಹೊಸ ಹರಳು ಹುಟ್ಟಲು ಜಾಗ ಕೊಡುತ್ತದೆ, ಹುಟ್ಟಿದ ಹರಳು ಬೆಳೆಯದಂತೆ ಅಡ್ಡವೂ ನಿಲ್ಲುತ್ತದೆ. ಹೀಗಾಗಿ ಹರಳುಗಳು ಚಿಕ್ಕದಾಗಿ, ಅವುಗಳ ನಡುವಿನ ಗಡಿಗಳು ಹೆಚ್ಚಾಗುತ್ತವೆ. ಪ್ರತಿ ಗಡಿಯಲ್ಲೂ ದೋಷದ ದಾರಿಗೆ ತಡೆ. ಗಡಿಯಲ್ಲಿ ಪ್ರಯಾಣ ನಿಧಾನವಾಗುತ್ತದೆ ಎಂಬುದನ್ನು ಗಡಿ ಊರಿನ ನಮಗೆ ಬಿಡಿಸಿ ಹೇಳಬೇಕಿಲ್ಲ! ಹರಳು ಚಿಕ್ಕದಾದಷ್ಟೂ ಲೋಹ ಬಲಗೊಳ್ಳುತ್ತದೆ ಎಂಬುದನ್ನು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ತೋರಿಸಿದರು. ಅವರ ಹೆಸರಿನ ಹಾಲ್–ಪೆಚ್ ಸಂಬಂಧವನ್ನು ಎಂಜಿನಿಯರಿಂಗ್ ಓದುವ ಮಕ್ಕಳು ಇಂದಿಗೂ ಕಲಿಯುತ್ತಾರೆ.

ಎರಡೂ ಸೇರಿ 150–200 ಇದ್ದ ಗಡಸುತನ ಸಾಮಾನ್ಯವಾಗಿ 300ರಿಂದ 500ರವರೆಗೆ ಏರುತ್ತದೆ. ಇದು ಹಾರ್ಡ್ ಕ್ರೋಮ್‌ಗಿಂತ ಕಡಿಮೆಯೇ. ಹಾಗಾಗಿ ಎಲ್ಲ ಕಡೆಯೂ ಕ್ರೋಮ್ ತೆಗೆದು ಇದನ್ನು ಹಾಕಬಹುದು ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಅಷ್ಟೇ ಗಡಸುತನ ಬೇಕಿದ್ದರೆ ರಂಜಕ ಬೆರೆತ ನಿಕಲ್ ಲೇಪವನ್ನು 400 ಡಿಗ್ರಿಯ ಸುತ್ತ ಒಂದು ಗಂಟೆ ಕಾಯಿಸುವ ದಾರಿ ಇದೆ. ಅದು 900ರ ಆಸುಪಾಸಿಗೆ ಹೋಗುತ್ತದೆ.

ಬಿಸಿಗೆ ಬಾಳಿಕೆ

ಕಾದ ಲೋಹ ಗಾಳಿಯ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುವುದೇ ಉತ್ಕರ್ಷಣ. ನಿಕಲ್ ಮೇಲೆ ನಿಕಲ್ ಆಕ್ಸೈಡಿನ ಪದರ ಬೆಳೆಯುತ್ತದೆ. ಆ ಪದರ ದಾಟಿ ನಿಕಲ್ ಅಯಾನುಗಳು ಹೊರಗೆ ಬಂದಾಗಲೇ ಪದರ ಇನ್ನೂ ದಪ್ಪವಾಗುವುದು. ದಪ್ಪವಾದಂತೆ ದಾರಿ ಉದ್ದವಾಗಿ ವೇಗ ಕುಗ್ಗುತ್ತದೆ: ಎರಡು ಪಟ್ಟು ದಪ್ಪವಾಗಲು ನಾಲ್ಕು ಪಟ್ಟು ಸಮಯ ಬೇಕು. ಮೊದಲ ಗಂಟೆಯಲ್ಲಿ 1 ಮೈಕ್ರಾನ್ ಬೆಳೆದರೆ 10 ಮೈಕ್ರಾನ್ ಆಗಲು 100 ಗಂಟೆ.

ಲೇಪದಲ್ಲಿ ಸೀರಿಯಂ, ಲ್ಯಾಂಥನಂ, ಇಟ್ರಿಯಂ ಆಕ್ಸೈಡುಗಳ ನ್ಯಾನೊ ಕಣ ಇದ್ದರೆ ಈ ವೇಗ ಇನ್ನಷ್ಟು ತಗ್ಗುತ್ತದೆ. ಅಯಾನುಗಳು ಹೊರಬರುವ ಮುಖ್ಯ ದಾರಿ ಆಕ್ಸೈಡ್ ಹರಳುಗಳ ನಡುವಿನ ಗಡಿ. ಸೀರಿಯಂನಂಥ ದೊಡ್ಡ ಅಯಾನುಗಳು ಆ ಗಡಿಗಳಲ್ಲಿ ಬಂದು ಕೂತು ದಾರಿ ಮುಚ್ಚುತ್ತವೆ. ಪದರ ತೆಳುವಾಗಿಯೇ ಉಳಿಯುತ್ತದೆ, ಬಿಸಿಯಾಗಿ ತಣ್ಣಗಾದಾಗ ಸುಲಭವಾಗಿ ಎದ್ದು ಬರುವುದಿಲ್ಲ. ಇಂಥ ಅಪರೂಪದ ಧಾತುಗಳನ್ನು ಸ್ವಲ್ಪವೇ ಸೇರಿಸಿದರೂ ಹೀಟರ್ ತಂತಿಯ ಆಯಸ್ಸು ಹೆಚ್ಚುತ್ತದೆ ಎಂಬುದಕ್ಕೆ 1937ರಲ್ಲೇ ಬ್ರಿಟನ್ನಿನಲ್ಲಿ ಪೇಟೆಂಟ್ ಬಂದಿತ್ತು.

ಇನ್ನೊಂದು ಉಪಾಯ ಕ್ರೋಮಿಯಂ ಲೋಹದ ನ್ಯಾನೊ ಪುಡಿಯನ್ನೇ ನಿಕಲ್ ಜೊತೆ ಕೂರಿಸುವುದು. ಇದು ತೊಟ್ಟಿಯಲ್ಲಿ ಕರಗಿದ ಆರು ವೇಲೆನ್ಸಿಯ ಕ್ರೋಮಿಯಂ ಅಲ್ಲ. ಕಾದಾಗ ಈ ಕಣಗಳಿಂದ ಕ್ರೋಮಿಯಂ ಹರಳುಗಡಿಗಳ ಮೂಲಕ ಬೇಗ ಮೇಲಕ್ಕೆ ಬಂದು, ಇಡೀ ಮೈ ಮುಚ್ಚುವ ಕ್ರೋಮಿಯಂ ಆಕ್ಸೈಡ್ ಪದರ ಕಟ್ಟುತ್ತದೆ. ಮಾಮೂಲಿ ನಿಕಲ್–ಕ್ರೋಮಿಯಂ ಮಿಶ್ರಲೋಹದಲ್ಲಿ ಈ ಪದರ ಬಿರುಕಿಲ್ಲದೆ ಕಟ್ಟಲು ಸುಮಾರು ಶೇ 20 ಕ್ರೋಮಿಯಂ ಬೇಕು. ಚೀನಾದ ಶೆನ್ಯಾಂಗ್‌ನ ಲೋಹ ಸಂಶೋಧನಾ ಸಂಸ್ಥೆಯ ಪ್ರಯೋಗಗಳಲ್ಲಿ ನ್ಯಾನೊ ಲೇಪಕ್ಕೆ ಸುಮಾರು ಅದರ ಅರ್ಧದಷ್ಟೇ ಸಾಕಾಯಿತು.

ಎಲ್ಲ ಕಣವೂ ಎಲ್ಲದಕ್ಕೂ ಒಗ್ಗುವುದಿಲ್ಲ. ಸಿಲಿಕಾನ್ ಕಾರ್ಬೈಡ್ ಸವೆತಕ್ಕೆ ಒಳ್ಳೆಯದು, ಆದರೆ ಸುಮಾರು 500 ಡಿಗ್ರಿ ಮತ್ತು ಅದರ ಮೇಲೆ ಅದು ನಿಕಲ್ ಜೊತೆ ಪ್ರತಿಕ್ರಿಯಿಸಿ ಪೆಡಸಾದ ಸಿಲಿಸೈಡ್ ಆಗುತ್ತದೆ. ಬಿಸಿ ಜಾಗಕ್ಕೆ ಆಕ್ಸೈಡ್ ಕಣಗಳೇ ಸರಿ. ಹಾಗೆಯೇ ಹೊಳಪಿಗಾಗಿ ತೊಟ್ಟಿಗೆ ಹಾಕುವ ಸ್ಯಾಕರಿನ್ – ಹೌದು, ಸಕ್ಕರೆ ಬದಲು ಬಳಸುವ ಅದೇ ವಸ್ತು – ಲೇಪದೊಳಗೆ ಗಂಧಕ ಬಿಡುತ್ತದೆ. ಕಾದಾಗ ಆ ಗಂಧಕ ಹರಳುಗಡಿಗೆ ಸೇರಿ ಲೇಪ ಬಿರುಕು ಬಿಡುತ್ತದೆ. ಬಿಸಿಯಲ್ಲಿ ಕೆಲಸ ಮಾಡುವ ಭಾಗಕ್ಕೆ ಹೊಳಪಿನ ನಿಕಲ್ ಬೇಡ.

ಶೆಡ್ಡಿನಲ್ಲಿ ಎದುರಾಗುವ ತೊಡಕುಗಳು

ಪ್ರಯೋಗಾಲಯದ ಬೀಕರಿನಲ್ಲಿ ಬಂದದ್ದು ಸಾವಿರ ಲೀಟರ್ ತೊಟ್ಟಿಯಲ್ಲಿ ಬರುವುದಿಲ್ಲ ಎಂಬ ದೂರು ಇದೆ. ಕಾರಣಗಳು ಸ್ಪಷ್ಟ.

ಮೊದಲನೆಯದು ಗಂಟು. ರಾಗಿ ಹಿಟ್ಟನ್ನು ಒಮ್ಮೆಗೇ ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುವ ಹಾಗೆ ನ್ಯಾನೊ ಪುಡಿಯೂ ದ್ರಾವಣದಲ್ಲಿ ಗಂಟು ಕಟ್ಟುತ್ತದೆ. 50 ನ್ಯಾನೊಮೀಟರ್ ಪುಡಿಗೆ ದುಡ್ಡು ಕೊಟ್ಟು, ಲೇಪದಲ್ಲಿ 2 ಮೈಕ್ರಾನ್ ಗಂಟು ಸೇರಿದರೆ ನ್ಯಾನೊ ಎಂಬುದು ಬಿಲ್ಲಿನಲ್ಲಿ ಮಾತ್ರ ಉಳಿಯುತ್ತದೆ. ಇದಕ್ಕೆ ಪುಡಿಯನ್ನು ಮೊದಲೇ ಸ್ವಲ್ಪ ದ್ರಾವಣದಲ್ಲಿ ನೆನೆಸಿ, ಅಲ್ಟ್ರಾಸಾನಿಕ್ ಕಂಪನ ಕೊಟ್ಟು, ಕಣಗಳನ್ನು ದೂರವಿಡುವ ಸರ್ಫ್ಯಾಕ್ಟೆಂಟ್ ಅಳತೆಯಾಗಿ ಹಾಕುತ್ತಾರೆ. ಸರ್ಫ್ಯಾಕ್ಟೆಂಟ್ ಹೆಚ್ಚಾದರೂ ಲೇಪ ಪೆಡಸಾಗುತ್ತದೆ.

ಎರಡನೆಯದು ಫಿಲ್ಟರ್. ಮಾಮೂಲಿ ನಿಕಲ್ ತೊಟ್ಟಿಯನ್ನು ಸದಾ ಸೋಸುತ್ತಿರುತ್ತಾರೆ. ಕಾಂಪೊಸಿಟ್ ತೊಟ್ಟಿಯನ್ನು ಹಾಗೆ ಸೋಸಿದರೆ ದುಬಾರಿ ಪುಡಿಯೇ ಫಿಲ್ಟರ್‌ನಲ್ಲಿ ಕೂರುತ್ತದೆ. ಸೋಸದಿದ್ದರೆ ಕಸವೂ ಪುಡಿಯೂ ಒಟ್ಟಿಗೆ ತಿರುಗುತ್ತವೆ. ಆದ್ದರಿಂದ ಬಿಡಿಭಾಗವನ್ನು ತೊಟ್ಟಿಗೆ ಇಳಿಸುವ ಮುಂಚಿನ ತೊಳೆಯುವಿಕೆ ಇಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಮಾಮೂಲಿ ತೊಟ್ಟಿಗೆ ಪುಡಿ ಸುರಿದು ನೋಡೋಣ ಎನ್ನುವುದು ಬೇಡ, ಬೇರೆ ತೊಟ್ಟಿಯೇ ಇರಲಿ.

ಮೂರನೆಯದು ಭಾಗದ ಆಕಾರ. ಮೇಲ್ಮುಖ ಮಾಡಿದ ಮೈ ಮೇಲೆ ಕಣ ಹೆಚ್ಚು ಬೀಳುತ್ತದೆ, ಕೆಳಮುಖದಲ್ಲಿ ಕಡಿಮೆ. ತೂಗುಹಾಕುವ ರ್ಯಾಕ್‌ನಲ್ಲಿ ಭಾಗ ತಿರುಗುತ್ತಿರುವಂತೆ ಮಾಡಬೇಕಾಗುತ್ತದೆ.

ಕೆಲಸ ಕೊಡುವಾಗ, ಕೊಳ್ಳುವಾಗ ಕೇಳಬೇಕಾದದ್ದು

1. ಯಾವ ಕಣ, ಪುಡಿಯ ಗಾತ್ರ ಎಷ್ಟು? ಲೇಪದೊಳಗೆ ಶೇಕಡ ಎಷ್ಟು ಸೇರಿದೆ? ತೊಟ್ಟಿಗೆ ಹಾಕಿದ ಲೆಕ್ಕ ಉತ್ತರವಲ್ಲ.

2. ಲೇಪವನ್ನು ಅಡ್ಡ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ಇದೆಯೇ? ಕಣಗಳು ಬಿಡಿಬಿಡಿಯಾಗಿವೆಯೋ ಗಂಟಾಗಿವೆಯೋ ಅದರಲ್ಲಿ ಕಾಣುತ್ತದೆ.

3. ಗಡಸುತನ ಅಳೆಯುವಾಗ ಎಷ್ಟು ಭಾರ ಇಟ್ಟರು? ವಿಕರ್ಸ್ ಪರೀಕ್ಷೆಯಲ್ಲಿ ವಜ್ರದ ಮೊನೆಯನ್ನು ಒತ್ತುತ್ತಾರೆ. ಮೇಲಿನಿಂದ ಒತ್ತಿದಾಗ ಬಿದ್ದ ಗುಳಿಯ ಆಳಕ್ಕಿಂತ ಲೇಪ ಹತ್ತು ಪಟ್ಟಾದರೂ ದಪ್ಪವಿರಬೇಕು, ಇಲ್ಲದಿದ್ದರೆ ಅಡಿಯ ಲೋಹವೇ ಅಳತೆಗೆ ಸಿಗುತ್ತದೆ. 400 ಗಡಸುತನದ ಲೇಪಕ್ಕೆ 100 ಗ್ರಾಂ ಭಾರದಲ್ಲಿ ಗುಳಿ ಸುಮಾರು 3 ಮೈಕ್ರಾನ್; ಅಂದರೆ 25 ಮೈಕ್ರಾನ್ ಲೇಪಕ್ಕೆ ಆ ಭಾರ ಹೆಚ್ಚಾಯಿತು. 50 ಗ್ರಾಂ ಸರಿಹೋಗುತ್ತದೆ.

4. ಬಿಸಿ ಪರೀಕ್ಷೆ ಎಷ್ಟು ಡಿಗ್ರಿಯಲ್ಲಿ, ಎಷ್ಟು ಗಂಟೆ? ಸಾದಾ ನಿಕಲ್ ಲೇಪವನ್ನೂ ಪಕ್ಕದಲ್ಲೇ ಇಟ್ಟು ಹೋಲಿಸಿದ್ದಾರೆಯೇ?

ಪರೀಕ್ಷೆಗೂ ಸಲಹೆಗೂ ದೂರ ಹೋಗಬೇಕಿಲ್ಲ. ವಿದ್ಯುಲ್ಲೇಪನದಲ್ಲಿ ದೇಶದ ಮುಖ್ಯ ಸಂಸ್ಥೆ ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಮೇಲ್ಮೈ ಎಂಜಿನಿಯರಿಂಗ್ ವಿಭಾಗವೂ ನಿಕಲ್ ಕಾಂಪೊಸಿಟ್ ಲೇಪಗಳ ಮೇಲೆ ವರ್ಷಗಳಿಂದ ಸಂಶೋಧನೆ ಮಾಡಿದೆ. ಹೊಸೂರಿಗೆ ಎರಡನೆಯದು ಇನ್ನೂ ಹತ್ತಿರ.

ನಿಕಲ್ ಕೂಡ ನಿರಪಾಯವಲ್ಲ

ಕ್ರೋಮ್ ಬಿಟ್ಟು ನಿಕಲ್‌ಗೆ ಬಂದರೆ ಎಲ್ಲ ಸುರಕ್ಷಿತ ಎಂಬ ಭಾವನೆ ಬೇಡ. ನಿಕಲ್ ಸಂಯುಕ್ತಗಳೂ ಕ್ಯಾನ್ಸರ್‌ಕಾರಕಗಳ ಅದೇ ಮೊದಲ ಗುಂಪಿನಲ್ಲಿವೆ. ಉಸಿರಿನ ಮೂಲಕ ಒಳಗೆ ಹೋಗುವುದೇ ಮುಖ್ಯ ಅಪಾಯ. ಅಗ್ಗದ ಓಲೆ ಹಾಕಿದಾಗ ಕಿವಿ ತುರಿಸಿ ಕೆಂಪಾಗುವುದಕ್ಕೆ ಬಹಳ ಸಲ ಕಾರಣ ನಿಕಲ್. ತೊಟ್ಟಿಯಲ್ಲಿ ಬರಿಗೈ ಅದ್ದುವವರಿಗೆ ಅದು ಎಷ್ಟೋ ಪಾಲು ಹೆಚ್ಚು. ನಿಕಲ್ ತೊಟ್ಟಿಯಿಂದ ಕ್ರೋಮ್‌ನಷ್ಟು ಮಂಜು ಏಳುವುದಿಲ್ಲ ಎಂಬುದು ನಿಜವಾದ ಲಾಭ. ಆದರೆ ಹೊಸದಾಗಿ ಸೇರಿದ ಅಪಾಯ ಒಣ ನ್ಯಾನೊ ಪುಡಿಯದು. ಚೀಲ ಬಿಚ್ಚುವಾಗ ಅದು ಹಾರಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಪುಡಿಯನ್ನು ಫ್ಯಾನ್ ಕೆಳಗೆ ಬಿಚ್ಚಬೇಡಿ. ಎಕ್ಸಾಸ್ಟ್ ಇರುವ ಮುಚ್ಚಿದ ಜಾಗದಲ್ಲಿ ಬಿಚ್ಚಿ ಕೂಡಲೇ ನೆನೆಸಿ. ಬಟ್ಟೆಯ ಕರವಸ್ತ್ರ ಸಾಲದು, ಕಣ ತಡೆಯುವ ಮಾಸ್ಕ್ ಬೇಕು. ರಬ್ಬರ್ ಗ್ಲೌಸು, ತೊಟ್ಟಿಯ ಅಂಚಿನಲ್ಲಿ ಗಾಳಿ ಎಳೆಯುವ ವ್ಯವಸ್ಥೆ, ಊಟಕ್ಕೆ ಮುಂಚೆ ಕೈ ತೊಳೆಯುವುದು ಇವೆಲ್ಲ ಹಳೆಯ ನಿಯಮಗಳೇ. ತೊಳೆದ ನೀರನ್ನು ಮೋರಿಗೆ ಬಿಟ್ಟರೆ ಅದು ನಮ್ಮದೇ ಕೆರೆಗೆ, ಕೊಳವೆಬಾವಿಗೆ ಬರುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ತೊಟ್ಟಿ, ರ್ಯಾಕ್, ಪುಡಿ, ಕೆಸರು, ಸುಲಿದು ಬರುವ ಲೇಪ – ಇವಕ್ಕೆಲ್ಲ ನಿಮ್ಮ ಶೆಡ್ಡಿನಲ್ಲಿ ಏನೆನ್ನುತ್ತೀರಿ? ಹೊಸೂರಿನ ಮಾತು ಒಂದು, ಸೊಲ್ಲಾಪುರದ್ದು ಇನ್ನೊಂದು ಇರಬಹುದು. ಬಳಕೆಯಲ್ಲಿರುವ ಪದಗಳನ್ನು ನಮಗೆ ಬರೆದು ಕಳಿಸಿದರೆ ಮುಂದಿನ ವಿಜ್ಞಾನ ಬರಹಗಳಲ್ಲಿ ಅವನ್ನೇ ಬಳಸುತ್ತೇವೆ. ಈ ಬರಹವನ್ನು ನಿಮ್ಮ ಮನೆಯ, ಪಕ್ಕದ ಮನೆಯ ಡಿಪ್ಲೊಮಾ ಓದುವ ಮಕ್ಕಳಿಗೆ ತೋರಿಸಿ, ಪ್ಲೇಟಿಂಗ್ ಕೆಲಸದಲ್ಲಿರುವವರಿಗೆ ಕೊನೆಯ ಎರಡು ಭಾಗಗಳನ್ನಾದರೂ ಓದಿ ಹೇಳಿ.